ಒತ್ತಾಯವಿಲ್ಲದ ಊರು

ಹತ್ತಿರ ಬನ್ನಿ, ಇನ್ನೂ ಸ್ವಲ್ಪ. ಆ ಬಾಗಿಲು ಮುಂದೆ ಮಾಡಿ, ಕಿಟಕಿಯನ್ನೂ. ಇದು ನಿಮ್ಮ ಕಿವಿಗೆ ಬಿದ್ದರೆ ನಿಮ್ಮ ಹೊಟ್ಟೆಯಲ್ಲೇ ಇರಬೇಕು. ಯಜಮಾನರಿಗೆ ಮಾತ್ರ ಹೇಳುತ್ತೇನೆ, ಅವರು ಬಾಯಿ ಬಿಡುವವರಲ್ಲ ಅನ್ನಬೇಡಿ. ಬಾಯಿ ಬಿಡದ ಗಂಡಸು ಇನ್ನೂ ಹುಟ್ಟಿಲ್ಲ. ಆಣೆ ಹಾಕಿ. ಹಾಕಿದಿರಾ? ಸರಿ.

ಒಂದು ಊರು. ಹೆಸರು ಬೇಡ. ಅಲ್ಲಿ ಮನೆಗೊಂದು ಬಾವಿ. ಬಾವಿ ಬೇರೆ ಬೇರೆ, ಕೆಳಗಿನ ನೀರು ಮಾತ್ರ ಒಂದೇ. ಆ ನೀರು ಹಗ್ಗಕ್ಕೆ ಬಗ್ಗುತ್ತಿರಲಿಲ್ಲ, ಹಾಡಿಗೆ ಬಗ್ಗುತ್ತಿತ್ತು. ಬೆಳಗಾಗುತ್ತಲೇ ಎಲ್ಲ ಮನೆಯವರೂ ತಮ್ಮ ತಮ್ಮ ಬಾವಿಯ ಕಟ್ಟೆಗೆ ಎದೆಯಾನಿಸಿ ಬಗ್ಗಿ ಹಾಡಬೇಕು. ಎಲ್ಲರ ಬಾಯಲ್ಲೂ ಒಂದೇ ಹಾಡು ಬಂದರೆ ನೀರು ಮೇಲೇಳುತ್ತಿತ್ತು, ಕಟ್ಟೆಯ ತನಕ ಬಂದು ಕೊಡ ತುಂಬಿಸಿ ಇಳಿದು ಹೋಗುತ್ತಿತ್ತು. ಒಂದು ಮನೆಯವರು ಒಂದಕ್ಷರ ತಪ್ಪಿದರೂ ನಡುವೆ ನಿಂತುಬಿಡುತ್ತಿತ್ತು, ಅತ್ತೆಯ ಮಾತು ಕೇಳಲೋ ಗಂಡನ ಮಾತು ಕೇಳಲೋ ತಿಳಿಯದ ಹೊಸ ಸೊಸೆಯ ಹಾಗೆ.

ನೀರಿಗೂ ಒಂದು ಚಾಳಿ. ಹಳೆಯ ಹಾಡೆಂದರೆ ಅದಕ್ಕೆ ಬೇಸರ ಬರುತ್ತಿತ್ತು. ಬೇಸರ ಬಂದರೆ ಒಂದಿಷ್ಟು ಕೆಳಕ್ಕೆ ಸರಿದು ಕೂರುತ್ತಿತ್ತು. ಆಗ ಯಾರಾದರೂ ಹಾಡಿನ ಬಾಲಕ್ಕೆ ಹೊಸದೊಂದು ನುಡಿ ಕಟ್ಟಿ ಸೇರಿಸಬೇಕು, ಊರೆಲ್ಲ ಅದನ್ನು ಕಲಿಯಬೇಕು, ಎಲ್ಲರೂ ಒಂದೇ ಬೆಳಗ್ಗೆ ಅದನ್ನು ಹಾಡಬೇಕು. ಕಟ್ಟುವುದೇನೂ ಕಷ್ಟವಲ್ಲ. ಅದು ಮನೆಯಿಂದ ಮನೆಗೆ ಮುಟ್ಟುವುದು ಹೇಗೆ, ಅದೇ ಆ ಊರಿನ ಹೊಟ್ಟೆನೋವು.

ಮೊದಲು ಹೀಗಿರಲಿಲ್ಲವಂತೆ. ಊರ ನಡುವೆ ಒಂದು ದೊಡ್ಡ ಬಾಗಿಲು, ಅದರ ಹಿಂದೆ ದೊಡ್ಡ ಬಾಗಿಲಿನವನು. ಹಾಡು ಪೂರ್ತಿ ಅವನ ಬಾಯಲ್ಲಿ. ಕಟ್ಟಿದವರು ಅವನಿಗೆ ತಂದೊಪ್ಪಿಸಬೇಕು, ಹಾಡುವವರು ಅವನಿಂದ ಕೇಳಿಕೊಂಡು ಹೋಗಬೇಕು. ಮೊದಮೊದಲು ಕೂರಿಸಿ, ಮಜ್ಜಿಗೆ ಕೊಟ್ಟು ಹೇಳಿಕೊಡುತ್ತಿದ್ದ. ಆಮೇಲೆ ನಿಲ್ಲಿಸಿಕೊಂಡು ಹೇಳತೊಡಗಿದ. ಆಮೇಲೆ ಹೊಸ್ತಿಲಾಚೆ ಬಿಸಿಲಲ್ಲಿ ಕಾಯಿಸಿದ. ಒಂದು ದಿನ ಬಾಗಿಲು ಹಾಕಿಕೊಂಡವನು ತೆಗೆಯಲೇ ಇಲ್ಲ. ಜನ ಅಲ್ಲೇ ನಾಲಿಗೆ ಒಣಗಿ ಬಿದ್ದರು, ಕೆಲವರು ಏಳಲಿಲ್ಲ. ಕೊನೆಗೆ ಒಡೆದು ನೋಡಿದರೆ ಅವನು ಬಾಯಿ ತೆರೆದುಕೊಂಡೇ ಸತ್ತು ಕೂತಿದ್ದ.

ಆ ಬಾಗಿಲನ್ನು ಸೀಳಿ ಮನೆಗೊಂದು ಚೂರು ಹಂಚಿಕೊಂಡರು. ಹೊಸ್ತಿಲಿಗೆ ಬಡಿದು, ಅದರ ಮೇಲೆ ಬಲಗಾಲಿಟ್ಟು ಹೇಳಿದರು: ಇನ್ನು ಮೇಲೆ ಯಾವ ಬಾಗಿಲಿಗೂ ಊರೆಲ್ಲ ನಡೆಯಬಾರದು. ಯಾರೂ ಯಾರಿಗೂ ಹೀಗೇ ಮಾಡು ಅನ್ನಬಾರದು. ಹಾಡು ಎಲ್ಲರದು, ಬಾಯಿ ಅವರವರದು, ಒತ್ತಾಯವಿಲ್ಲ.

ದಿನಾ ಬೆಳಗ್ಗೆ ಹೊಸ್ತಿಲು ದಾಟುವಾಗ ಹೇಳುತ್ತಿದ್ದರು. ಒತ್ತಾಯವಿಲ್ಲ. ಕೊಡ ಇಳಿಸುವಾಗ ಹೇಳುತ್ತಿದ್ದರು. ಒತ್ತಾಯವಿಲ್ಲ. ಉಣ್ಣಲು ಕೂತ ಗಂಡನಿಗೆ ಸಾರು ಬಡಿಸುವಾಗಲೂ ಅದೇ ಮಾತು, ಬೇಕಾದರೆ ಉಣ್ಣು, ಒತ್ತಾಯವಿಲ್ಲ.

ಈಗ ನುಡಿ ಮುಟ್ಟಿಸುವ ಮೂರು ದಾರಿಗಳ ವಿಷಯ, ಒಂದೊಂದು ದಾರಿಗೂ ಒಂದಿಷ್ಟು ಮನೆಯವರು. ಒಂದು ಕಿಂಡಿಯ ದಾರಿ. ಪಕ್ಕದ ಮನೆಗೂ ನಿಮ್ಮ ಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಈ ಕಿಂಡಿಯಲ್ಲಿ ಕೇಳಿದ್ದನ್ನು ಆ ಕಿಂಡಿಯಲ್ಲಿ ಹೇಳಬೇಕು. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ತಪ್ಪು ನುಡಿ ಹೋದರೆ ಅದರ ಬೆನ್ನಿಗೆ ‘ಹಿಂದಿನದು ತಪ್ಪು’ ಎಂದು ಇನ್ನೊಂದು ಹೋಗಬೇಕು, ಎರಡನ್ನೂ ಹೊತ್ತುಕೊಂಡು ಮುಂದಿನ ಕಿಂಡಿಗೆ. ಹೀಗಾಗಿ ಕಿಂಡಿಯವರು ಒಂದು ನುಡಿ ಹೇಳಲು ಕೂತರೆ ಕೇಳುವವಳ ಒಲೆಯ ಮೇಲಿನ ಅನ್ನ ಸೀದು ಹೋಗುತ್ತಿತ್ತು.

ಇನ್ನೊಂದು ಗಂಟಿನ ದಾರಿ. ನುಡಿಯ ಒಂದೊಂದು ಅಕ್ಷರಕ್ಕೂ ದಾರದಲ್ಲಿ ಒಂದೊಂದು ಗಂಟು. ಅಕ್ಷರ ಬದಲಾದರೆ ದಾರದ ಗಂಟೆಲ್ಲ ಬದಲು, ಮೋಸ ನಡೆಯುವುದಿಲ್ಲ. ಬೇಕಾದವರು ಬೀದಿಯಲ್ಲಿ ನಿಂತು ಇಂಥ ಗಂಟಿನ ದಾರ ಯಾರ ಹತ್ತಿರ ಇದೆ ಎಂದು ಕೂಗಬೇಕು, ಇದ್ದವರು ಕೊಡಬೇಕು. ಯಾರ ಮನೆ ಎಂದು ಕೇಳುವ ಹಾಗೇ ಇಲ್ಲ. ಕೇಳಲು ಎಷ್ಟು ಚಂದ. ಆದರೆ ಪ್ರತಿಯೊಬ್ಬರೂ ಬೇರೆ ಯಾರಾದರೂ ಇಟ್ಟುಕೊಂಡಿರುತ್ತಾರೆ ಅಂದುಕೊಂಡು ತಮ್ಮ ದಾರದಲ್ಲಿ ಕರು ಕಟ್ಟಿದರು, ಬಟ್ಟೆ ಒಣಗಿಸಿದರು. ಕೂಗಿದವರ ಗಂಟಲೇ ಹರಿಯಿತು.

ಮತ್ತೊಂದು ದೀಪದ ದಾರಿ. ಕಟ್ಟಿದವರ ಮನೆಯಲ್ಲೇ ನುಡಿ ಇರುತ್ತದೆ. ಬಾಗಿಲಲ್ಲಿ ದೀಪ ಉರಿಯುತ್ತಿದ್ದರೆ ಹೋಗಿ ಕೇಳಿಕೊಂಡು ಬರಬಹುದು. ದೀಪ ಆರಿದೆಯೋ, ಆ ಮನೆಯೂ ಇಲ್ಲ, ನುಡಿಯೂ ಇಲ್ಲ.

ಜಗಳ ಎಂದರೆ ಎಂಥ ಜಗಳ. ಗಂಟಿನವರ ಹುಡುಗನಿಗೆ ಕಿಂಡಿಯವರ ಹುಡುಗಿಯನ್ನು ಗೊತ್ತು ಮಾಡಿ, ಹಸೆಮಣೆಯ ಮೇಲೆ ತಾಳಿಗೆ ಹಾಕುವ ಗಂಟನ್ನು ಯಾರು ಸರಿ ನೋಡಬೇಕು ಎನ್ನುವಲ್ಲಿ ಮಾತು ಹತ್ತಿ, ಮಾಡಿದ ಪಾಯಸವನ್ನು ಎರಡು ಮನೆಯವರೂ ಉಣ್ಣದೆ ಚೆಲ್ಲಿದರು. ಆ ಹುಡುಗಿ ಆಮೇಲೆ ದೀಪದವರ ಮನೆ ಸೇರಿದಳು, ಹೇಗೆ ಸೇರಿದಳು ಎಂದು ಇನ್ನೊಂದು ದಿನ ಕೇಳಿ.

ಆ ಊರಿನಲ್ಲಿ ಒಬ್ಬಳು ನುಡಿ ಕಟ್ಟುವವಳಿದ್ದಳು. ಹುಟ್ಟಿದ್ದು ಗಂಟಿನವರ ಮನೆಯಲ್ಲಿ, ಸೇರಿದ್ದು ಕಿಂಡಿಯವರ ಮನೆಗೆ. ಮಡಿಲಲ್ಲಿ ಎದೆಗೂಸು. ಅವಳ ಅಜ್ಜಿ ಆ ದೊಡ್ಡ ಬಾಗಿಲಿನ ಮುಂದೆ ಬಿದ್ದು ಏಳದೇ ಹೋದವಳು. ಅದಕ್ಕೇ ಹೊಸ್ತಿಲ ಮೇಲಿನ ಮಾತನ್ನು ಊರಲ್ಲಿ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ಇವಳೇ.

ಆ ವರ್ಷ ನೀರಿಗೆ ಬೇಸರ ಬಂತು. ಹಾಡಿದರೆ ಬರುತ್ತಿತ್ತು, ಆದರೆ ಕಟ್ಟೆಯ ತನಕ ಅಲ್ಲ. ಕೊಡ ಮುಕ್ಕಾಲಾಯಿತು, ಅರೆಯಾಯಿತು, ತಳ ನೆನೆಯುವಷ್ಟಾಯಿತು. ಅವಳ ಎದೆಯ ಹಾಲೂ ಹಾಗೆಯೇ ಇಳಿಯಿತು. ಕೂಸು ಬಾಯಿಟ್ಟು ಎಳೆದು ಎಳೆದು, ಸಿಗದೆ, ಅವಳ ಮುಖವನ್ನೇ ನೋಡುತ್ತಿತ್ತು. ಅಳುವುದಕ್ಕೂ ನೀರು ಬೇಕಲ್ಲ.

ಅವಳು ಬಾವಿಗೆ ಬಗ್ಗಿ, ಕೂಸನ್ನು ಮಲಗಿಸುವ ದನಿಯಲ್ಲೇ ಗುನುಗಿದಳು. ಒಂದು ನುಡಿ ಬಂತು. ನೀರು ಆಲಿಸಿತು. ಒಂದು ಗೇಣು ಮೇಲೆ ಬಂದು, ಅಕ್ಕಪಕ್ಕದ ಬಾವಿಗಳಲ್ಲಿ ಯಾರೂ ಹಾಡದ್ದು ನೋಡಿ, ಅಲ್ಲೇ ನಿಂತಿತು. ಇದೇ ಸರಿಯಾದ ನುಡಿ ಎಂದು ಅವಳಿಗೆ ಗೊತ್ತಾಯಿತು. ಊರೆಲ್ಲ ಒಂದು ಬೆಳಗ್ಗೆ ಇದನ್ನು ಹಾಡಿದರೆ ಸಾಕು, ಕೂಸಿಗೆ ಹಾಲು.

ಕಿಂಡಿಯಲ್ಲಿ ಹೇಳಿದಳು. ನುಡಿ ಊರೆಲ್ಲ ಸುತ್ತಿ ಇನ್ನೊಂದು ಗೋಡೆಯ ಕಿಂಡಿಯಿಂದ ಅವಳ ಮನೆಗೇ ವಾಪಸ್ಸು ಬಂತು, ಗುರುತೇ ಸಿಗದ ಹಾಗೆ. ಅವಳು ಕಟ್ಟಿದ್ದು ನೀರಿನ ಮೇಲೆ, ಬಂದದ್ದು ಯಾರದೋ ಎಮ್ಮೆಯ ಮೇಲೆ. ದಾರದಲ್ಲಿ ಗಂಟು ಹಾಕಿದಳು. ಎಲ್ಲರೂ ಬೆರಳಾಡಿಸಿ ಭೇಷ್ ಅಂದರು, ಒಬ್ಬರೂ ಮನೆಗೊಯ್ಯಲಿಲ್ಲ. ದೀಪ ಹಚ್ಚಿದಳು. ದೀಪದವರು ಬಂದರು, ಕಿಂಡಿಯವರು ದೀಪದ ಬಾಗಿಲು ತುಳಿಯುವುದಿಲ್ಲ ಅಂದರು, ಗಂಟಿನವರು ಬರುವಷ್ಟರಲ್ಲಿ ಎಣ್ಣೆ ಮುಗಿಯಿತು.

ಆಗ ಅವಳು ಕೂಸನ್ನು ಕಂಕುಳಿಗೇರಿಸಿಕೊಂಡು ಕಿಂಡಿಯಜ್ಜನ ಬಳಿಗೆ ಹೋದಳು.

‘ತಾತ, ಮೂರರಲ್ಲಿ ಒಂದು ದಾರಿ ಆರಿಸಿಕೊಳ್ಳೋಣ. ಯಾವುದಾದರೂ ಸರಿ. ಎಲ್ಲರಿಗೂ ಒಂದೇ.’

‘ಆರಿಸೋಣ ಕಣವ್ವ. ಯಾರು ಬೇಡ ಅಂದರು? ಕಿಂಡಿಯನ್ನೇ ಆರಿಸೋಣ.’

‘ಗಂಟಿನವರು ಒಪ್ಪಬೇಕಲ್ಲ.’

‘ಒಪ್ಪಲಿ. ಒತ್ತಾಯವಿಲ್ಲ.’

ಗಂಟಿನ ಯಜಮಾನನ ಬಳಿಗೆ ಹೋದಳು. ಅವಳಿಗೆ ತವರಿನ ಕಡೆಯಿಂದ ದೊಡ್ಡಪ್ಪನಾಗಬೇಕು.

‘ದೊಡ್ಡಪ್ಪ, ಒಂದು ಕಡೆ ಕೂತು ಎಲ್ಲರೂ ಮಾತಾಡಿದರೆ ಆಗಲ್ವ?’

‘ಒಂದು ಕಡೆ ಅಂದರೆ ಯಾವ ಕಡೆ? ಯಾರ ಜಗಲಿ? ಇವತ್ತು ಜಗಲಿ, ನಾಳೆ ಬಾಗಿಲು. ನಿನ್ನಜ್ಜಿ ಎಲ್ಲಿ ಬಿದ್ದು ಸತ್ತಳು ಮರೆತೆಯೇನೆ?’

ದೀಪದಮ್ಮನ ಬಳಿಗೆ ಹೋದಳು. ದೀಪದಮ್ಮ ಬತ್ತಿ ಹೊಸೆಯುತ್ತ, ಕೂಸಿನ ಕೆನ್ನೆ ತಟ್ಟಿ, ‘ಬಡಕಲಾಗಿದೆಯಲ್ಲೆ ಮಗು, ಹೊಟ್ಟೆಗೆ ಹಾಕ್ತಿದೀಯೋ ಇಲ್ಲವೋ’ ಅಂದಳು.

‘ನೀರಿಲ್ಲ ಚಿಕ್ಕಮ್ಮ, ಹಾಲೆಲ್ಲಿಂದ ಬರಬೇಕು? ದಾರಿ ಒಂದು ತೀರ್ಮಾನವಾಗಲಿ ಅಂತ ಬಂದೆ.’

‘ತೀರ್ಮಾನ ಅಂದರೆ ಯಾರೋ ಒಬ್ಬರು ಮಾಡಬೇಕು. ಆ ಒಬ್ಬರು ಯಾರು ಅಂತ ಯಾರು ತೀರ್ಮಾನ ಮಾಡಬೇಕು? ನೀನು ಓದಿದವಳ ಹಾಗೆ ಮಾತಾಡ್ತೀಯ, ನೀನೇ ಹೇಳು.’

ಕೊನೆಗೆ ಒಂದು ಮಾತಾಯಿತು. ಯಾವ ದಾರಿ ಬೇಕು ಎಂದು ಪ್ರತಿ ಮನೆಯವರೂ ತಂತಮ್ಮ ಹೊಸ್ತಿಲಲ್ಲೇ ಕೂತು ಯೋಚಿಸಿ, ಉತ್ತರವನ್ನು ತಂತಮ್ಮ ದಾರಿಯಲ್ಲೇ ಕಳಿಸುವುದು. ಕಿಂಡಿಯಿಂದ ಬಂದ ಉತ್ತರಗಳೆಲ್ಲ ಕಿಂಡಿ ಅಂದವು. ದಾರದಲ್ಲಿ ಬಂದವು ಗಂಟು ಅಂದವು. ದೀಪದ ಬಾಗಿಲಿಗೆ ಹೋಗಿ ಕೇಳಿದವರಿಗೆ ದೀಪ ಅಂತ ಉತ್ತರ ಸಿಕ್ಕಿತು. ಮೂವರೂ ತಾವೇ ಗೆದ್ದೆವು ಎಂದು ಸಕ್ಕರೆ ಹಂಚಿದರು. ಅದನ್ನು ನುಂಗಲು ಯಾರ ಬಾಯಲ್ಲೂ ಜೊಲ್ಲಿರಲಿಲ್ಲ.

ಕೊಡ ಇಳಿಸುವುದು, ಹಾಡುವುದು, ಬಗ್ಗಿ ನೋಡುವುದು. ಕೊಡ ಎಳೆಯುವುದು, ಕೆಸರು ಕೆರೆಯುವುದು, ಬಟ್ಟೆಗೆ ಹಿಂಡಿ ಕೂಸಿನ ತುಟಿಗೊತ್ತುವುದು. ಹೀಗೆ ಬೆಳಗುಗಳು ಹೋದವು.

ಹೀಗೊಂದು ಬೆಳಗ್ಗೆ ಬಗ್ಗಿ ಹಾಡುವಾಗ ಅವಳಿಗೊಂದು ಅನುಮಾನ ಹೊಕ್ಕಿತು. ನನ್ನ ನುಡಿ ಯಾರಿಗೂ ಸರಿಯಾಗಿ ಮುಟ್ಟಲಿಲ್ಲ. ಕಿಂಡಿಯಲ್ಲಿ ಕೆಡುತ್ತದೆ, ದಾರ ಕಳೆಯುತ್ತದೆ, ದೀಪ ಆರುತ್ತದೆ. ಹಾಗಿದ್ದೂ ಈ ಹಳೆಯ ಹಾಡು ಇಷ್ಟುದ್ದ ಇದೆ, ಊರಲ್ಲಿ ಎಲ್ಲರೂ ಒಂದಕ್ಷರ ತಪ್ಪದೆ ಹಾಡುತ್ತಾರೆ. ನೀರು ಅಷ್ಟಾದರೂ ಏಳುತ್ತದೆ. ಹೇಗೆ? ಯಾರು ಇವರ ಬಾಯನ್ನು ದಿನಾ ತಿದ್ದುತ್ತಿರುವವರು?

ಈಗ ಕಿವಿಗೊಟ್ಟು ಕೇಳಿ, ವಿಷಯ ಇಲ್ಲೇ ಇರುವುದು. ಅವಳ ಹಿತ್ತಿಲ ಗೋಡೆಯಾಚೆ ಒಬ್ಬ ವಿಧವೆ ಇದ್ದಳು, ಆ ದೊಡ್ಡ ಬಾಗಿಲಿನವನ ಮಗಳು. ಅವಳ ಗೋಡೆಗೆ ಯಾರೂ ಕಿಂಡಿ ಕೊರೆದಿರಲಿಲ್ಲ, ಅವಳಿಗೆ ಯಾರೂ ದಾರ ಕೊಡುತ್ತಿರಲಿಲ್ಲ, ಅವಳ ಬಾಗಿಲಲ್ಲಿ ದೀಪ ಹಚ್ಚಲು ಬಿಡುತ್ತಿರಲಿಲ್ಲ. ಊರೆಲ್ಲ ಮಲಗುವ ಮಧ್ಯಾಹ್ನದ ಹೊತ್ತಿಗೆ ಆ ಮನೆಯಿಂದ ಬೀಸುವ ಕಲ್ಲಿನ ಸದ್ದು ಬರುತ್ತಿತ್ತು. ದಿನಾ. ಒಂಟಿ ಹೆಂಗಸು, ಹೊಟ್ಟೆಗೆ ಹಿಡಿ ರಾಗಿ ಸಾಕು, ಅಷ್ಟು ಹೊತ್ತು ಏನು ಬೀಸುತ್ತಾಳೆ?

ನುಡಿ ಕಟ್ಟುವವಳು ಹಿತ್ತಿಲ ಗೋಡೆ ಹತ್ತಿ ಕೂತು ನೋಡಿದಳು. ಮೊದಲು ಬಂದದ್ದು ಕಿಂಡಿಯಜ್ಜ, ತಲೆಯ ಮೇಲೆ ಟವೆಲು ಎಳೆದುಕೊಂಡು, ಹಿಂಬದಿಯ ಗೋಡೆಗೆ ಕಿವಿಯಾನಿಸಿ ನಿಂತ. ಅವನು ಹೋಗುತ್ತಲೇ ಗಂಟಿನ ಯಜಮಾನನ ಹೆಂಡತಿ, ಕರಿಬೇವು ಕೀಳುವ ನೆಪದಲ್ಲಿ. ಅಲ್ಲಿ ಕರಿಬೇವಿನ ಗಿಡವೇ ಇರಲಿಲ್ಲ ಬಿಡಿ. ಆಮೇಲೆ ದೀಪದಮ್ಮ, ಏದುಸಿರು ಬಿಡುತ್ತ. ಆಮೇಲೆ ಇನ್ಯಾರೋ, ಮತ್ತಿನ್ಯಾರೋ. ಪ್ರತಿಯೊಬ್ಬರೂ ತಾನೊಬ್ಬನೇ, ತಾನೊಬ್ಬಳೇ ಅಂದುಕೊಂಡು ಬಂದು, ಕೇಳಿಕೊಂಡು, ತುಟಿ ಅಲ್ಲಾಡಿಸುತ್ತ ಹೋದರು. ಒಳಗೆ ವಿಧವೆ ಕಲ್ಲು ತಿರುಗಿಸುತ್ತ, ನಿಧಾನವಾಗಿ, ಅಕ್ಷರ ಬಿಡಿಸಿ ಬಿಡಿಸಿ ಊರ ಹಾಡನ್ನು ಮೊದಲಿನಿಂದ ಕೊನೆಯ ತನಕ ಹೇಳುತ್ತಿದ್ದಳು. ಕಲ್ಲಿನ ಬಾಯಲ್ಲಿ ಒಂದು ಕಾಳೂ ಇರಲಿಲ್ಲ.

ಹಳೆಯ ನುಡಿಗಳೆಲ್ಲ ಅವಳಿಗೆ ಹೇಗೆ ಸಿಕ್ಕಿದ್ದವು? ಕಟ್ಟಿದವರೇ ಕದ್ದು ಬಂದು ಗೋಡೆಗೆ ಬಾಯಿಟ್ಟು ಹೇಳಿ ಹೋಗಿದ್ದರು. ಅಪ್ಪ ಸತ್ತ ದಿನ ಊರಿಗೆ ಹಾಡು ವಾಪಸ್ಸು ಸಿಕ್ಕಿದ್ದು ಕೂಡ ಅವಳ ಬಾಯಿಂದಲೇ. ಆ ವಿಷಯ ಯಾರೂ ಎತ್ತುತ್ತಿರಲಿಲ್ಲ. ಊರಲ್ಲಿ ಹೊಸ್ತಿಲ ಮಾತನ್ನು ನಿಜ ಅಂತ ನಂಬಿ, ಮನೆಯವರ ಬಾಯಿ ನೋಡಿಕೊಂಡೇ ಹಾಡು ಕಲಿತಿದ್ದವಳು ಈ ನುಡಿ ಕಟ್ಟುವವಳೊಬ್ಬಳೇ.

ಕೇಳಿ, ಆಗ ಅವಳು ಗೋಡೆಯಿಂದ ಆಚೆ ಇಳಿದು ನುಡಿಯನ್ನು ಹೇಳಿದ್ದಿದ್ದರೆ ಮರುದಿನದ ಮಧ್ಯಾಹ್ನಕ್ಕೆ ಊರೆಲ್ಲ ಕಲಿಯುತ್ತಿತ್ತು. ಅಷ್ಟು ಅವಳಿಗೂ ಹೊಳೆಯಿತು. ಒಂದು ಕಾಲನ್ನು ಆಚೆ ಇಳಿಬಿಟ್ಟೂ ಇದ್ದಳು. ಆದರೆ ಅಜ್ಜಿಯ ಒಣಗಿದ ಬಾಯಿ ಕಣ್ಣಿಗೆ ಬಂತು, ಕಿಂಡಿಯಜ್ಜನ ಟವೆಲು ಕಣ್ಣಿಗೆ ಬಂತು, ಮೈಯೆಲ್ಲ ಉರಿಯಿತು. ಈಚೆಗೇ ಇಳಿದಳು.

ನಾದಿನಿ ಅಕ್ಕಿ ಕೇರುತ್ತಿದ್ದಳು. ಇವಳು ಪಕ್ಕದಲ್ಲಿ ಕುಕ್ಕರಿಸಿದಳು.

‘ಒಂದು ಮಾತು ಹೇಳ್ತೀನಿ, ನಿನ್ನಲ್ಲೇ ಇರಲಿ.’

‘ನಾನು ಯಾರಿಗೆ ಹೇಳಲಿ ಅತ್ತಿಗೆ, ನನಗೆ ಯಾರಿದಾರೆ’ ಎಂದಳು ನಾದಿನಿ, ಮೊರವನ್ನು ಆಗಲೇ ಕೆಳಗಿಟ್ಟು.

ಹೇಳಿದಳು. ಎದ್ದು ಹೋಗಿ ಕೂಸನ್ನು ತೊಟ್ಟಿಲಿಗೆ ಹಾಕಿ ಬರುವಷ್ಟರಲ್ಲಿ ಮೊರದ ಹತ್ತಿರ ನಾದಿನಿ ಇರಲಿಲ್ಲ.

ಅಯ್ಯೋ, ಹೇಗೆ ಹೋಯಿತು ಅಂತೀರಿ ಆ ಸುದ್ದಿ. ಕಿಂಡಿಯಿಂದ ಕಿಂಡಿಗೆ, ಒಂದು ಸೊಲ್ಲು ಹೆಚ್ಚಿಲ್ಲ, ಒಂದು ಸೊಲ್ಲು ಕಡಿಮೆಯಿಲ್ಲ. ಗಂಟಿನವರು ದಾರ ಹುಡುಕಿ ಗಂಟು ಹಾಕಿದರು, ಪ್ರತಿಯೊಬ್ಬರೂ ಒಂದೊಂದು ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ಕರು ಕಟ್ಟಲಿಲ್ಲ, ಬಟ್ಟೆ ಹಾಕಲಿಲ್ಲ. ದೀಪದವರು ಅಡುಗೆಯ ಎಣ್ಣೆ ಸುರಿದು ದೀಪ ಉರಿಸಿದರು, ಕಿಂಡಿಯವರು ಆ ಬಾಗಿಲನ್ನೂ ತುಳಿದರು. ಸಂಜೆಯ ಹೊತ್ತಿಗೆ ಊರೆಲ್ಲ ಒಂದೇ ಮಾತು, ಒಂದೇ ದನಿ. ಬಾವಿಗಳಲ್ಲಿ ನೀರು ಗಾಬರಿಯಿಂದ ಒಂದು ಸಲ ಅಲುಗಾಡಿತಂತೆ.

ಆಮೇಲೆ ಊರವರು ವಿಧವೆಯ ಮನೆಗೆ ಹೋದರು. ಗುಂಪಾಗಿ ಅಲ್ಲ, ಛೇ, ಗುಂಪು ಕೂಡುವುದು ಅವರ ಕ್ರಮವಲ್ಲ. ಒಬ್ಬೊಬ್ಬರಾಗಿ, ಒಬ್ಬೊಬ್ಬರೂ ಒಂದೊಂದು ಕಲ್ಲು ಹಿಡಿದು. ಮೊದಲನೆಯ ಕಲ್ಲು ಕಿಂಡಿಯಜ್ಜನದು. ಎರಡನೆಯದು ಕರಿಬೇವಿನವಳದು. ಬಾಗಿಲಿಗೆ ಅಡ್ಡ ಇಟ್ಟು, ಮಣ್ಣು ಮೆತ್ತಿ, ಪಕ್ಕಕ್ಕೆ ಸರಿದು, ಮುಂದಿನವರಿಗೆ ಹೇಳುತ್ತಿದ್ದರು.

‘ಇಡೋದಿದ್ದರೆ ಇಡಿ. ಒತ್ತಾಯವಿಲ್ಲ.’

ಎಲ್ಲರೂ ಇಟ್ಟರು. ನುಡಿ ಕಟ್ಟುವವಳೂ ಇಟ್ಟಳು, ಚಿಕ್ಕದೊಂದು ಕಲ್ಲು.

ಮಧ್ಯಾಹ್ನಗಳು ನಿಶ್ಶಬ್ದವಾದವು. ಮೊದಲ ಬೆಳಗ್ಗೆ ಯಾರೋ ಒಬ್ಬರು ಒಂದಕ್ಷರ ತಪ್ಪಿದರು. ನೀರು ನಡುವೆ ನಿಂತಿತು. ಯಾರು ತಪ್ಪಿದ್ದು ಎಂದು ಹೇಳುವವರಿಲ್ಲ. ಕಿಂಡಿಯವರು ತಮ್ಮದೇ ಸರಿ ಅಂದರು, ಗಂಟಿನವರು ದಾರ ತೋರಿಸಿದರು, ದೀಪದವರು ಬಂದು ಕೇಳಿ ಅಂದರು. ಮರುದಿನ ಇನ್ನೆರಡು ಮನೆ ತಪ್ಪಿದವು. ಒಂದೇ ಹಾಡು ಓಣಿಗೊಂದು ಹಾಡಾಯಿತು, ಮನೆಗೊಂದು ಹಾಡಾಯಿತು. ಪ್ರತಿ ಬೆಳಗ್ಗೆ ಎಲ್ಲರೂ ಬಗ್ಗಿ, ತಂತಮ್ಮ ಹಾಡನ್ನು, ಬಹಳ ಶ್ರದ್ಧೆಯಿಂದ ಹಾಡಿದರು. ಕೊಡ ಇಳಿಸಿದರು. ಕೊಡ ಕಲ್ಲಿಗೆ ತಾಗಿ ಠಣ್ ಎಂದಿತು, ಒಂದು ಬಾವಿಯಲ್ಲಿ, ಪಕ್ಕದ ಬಾವಿಯಲ್ಲಿ, ಊರ ಬಾವಿಗಳಲ್ಲೆಲ್ಲ. ಆ ಸದ್ದು ಮಾತ್ರ ಎಲ್ಲರ ಮನೆಯಲ್ಲೂ ಒಂದೇ ಇತ್ತು.

ನುಡಿ ಕಟ್ಟುವವಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಒಂದು ನಡುಹಗಲು ಆ ಮುಚ್ಚಿದ ಬಾಗಿಲಿಗೆ ಹೋದಳು. ಉಗುರಿನಿಂದ ಮಣ್ಣು ಕೆರೆದು ಒಂದು ಕಲ್ಲು ತೆಗೆದಳು. ಒಳಗೆ ಕತ್ತಲು. ಕತ್ತಲಲ್ಲಿ ವಿಧವೆ ಬೀಸುವ ಕಲ್ಲಿನ ಪಕ್ಕ ಕೂತಿದ್ದಳು, ಗೂಟದ ಮೇಲೆ ಕೈಯಿಟ್ಟು, ತಿರುಗಿಸದೆ.

‘ಅಕ್ಕಾ’ ಎಂದಳು ಇವಳು. ಆವರೆಗೆ ಆ ಹೆಂಗಸನ್ನು ಅಕ್ಕಾ ಎಂದವರಿಲ್ಲ.

‘ಬಂದೆಯಾ. ನಿನ್ನ ಕಲ್ಲನ್ನೇ ತೆಗೆದಿದೀಯಾ ನೋಡು, ಚಿಕ್ಕದು.’

‘ನನ್ನ ನುಡಿ ತಗೋ ಅಕ್ಕ. ಹಾಡಿಗೆ ಸೇರಿಸು. ನಾನು ಕಲ್ಲೆಲ್ಲ ತೆಗೀತೀನಿ. ನೀನು ಮತ್ತೆ ಹೇಳು, ಅವರು ಮತ್ತೆ ಬರ್ತಾರೆ. ಕದ್ದಾದರೂ ಬರ್ತಾರೆ.’

‘ಯಾವ ಹಾಡಿಗೆ ಸೇರಿಸಲಿ? ಕೇಳೋರು ನಿಂತ ಮೇಲೆ ಹೇಳೋದೂ ನಿಂತಿತು. ಹೇಳದೇ ಇದ್ದರೆ ಉಳಿಯೋದಲ್ಲ ಅದು. ನಡುವಿನದೆಲ್ಲ ಹೋಯಿತು. ಮೊದಲ ನುಡಿ ಇದೆ, ಅದೂ ಇವತ್ತೋ ನಾಳೆಯೋ.’

ಇವಳು ಕಲ್ಲು ತೆಗೆದ ಆ ಕಂಡಿಯಲ್ಲಿ ಬಾಯಿಟ್ಟು ನುಡಿಯನ್ನು ಹಾಡಿದಳು, ಕೂಸನ್ನು ಮಲಗಿಸುವ ದನಿಯಲ್ಲೇ, ಕೊನೆಯ ತನಕ. ಅಂಥ ನುಡಿ ಆ ಊರಿನಲ್ಲಿ ಹಿಂದೆ ಯಾರೂ ಕಟ್ಟಿರಲಿಲ್ಲ. ವಿಧವೆ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಎದ್ದು ಕಂಡಿಯ ಹತ್ತಿರ ಬಂದು ಸೆರಗಿನ ಗಂಟನ್ನು ನೋಡಿದಳು.

‘ಮಗು ಯಾಕೆ ಸುಮ್ಮನಿದೆ?’

‘ಮಲಗಿದೆ.’

‘ಬಿಸಿಲಲ್ಲಿ ನಿಂತಿದೀಯ, ಮುಖಕ್ಕೆ ಸೆರಗು ಎಳಿ.’

‘ಎಳೆದಿದೀನಿ ಅಕ್ಕ.’ ಅವಳೇ ಮತ್ತೆ ಕೇಳಿದಳು, ‘ಯಾವ ದಾರಿ ಆರಿಸಬೇಕಿತ್ತು ಹೇಳು. ಎಲ್ಲಾ ನೋಡಿದೆ. ಯಾವುದರಲ್ಲಿ ತಪ್ಪಿತ್ತು?’

ವಿಧವೆ ಹೊರಗೆ ಕೈ ಚಾಚಿ ಇವಳ ಕೈಯಲ್ಲಿದ್ದ ಕಲ್ಲನ್ನು ತಗೊಂಡಳು. ಒಳಗಿನಿಂದ ಕಂಡಿಗೆ ಇಡುವ ಮುಂಚೆ ಇವಳ ಮುಖಕ್ಕೇ ಹೇಳಿದಳು:

‘ಮೂರು ದಾರೀನೂ ಚೆನ್ನಾಗೇ ಇದ್ದವು ಕಣವ್ವ. ನೋಡಿದೆಯಲ್ಲ, ನನ್ನ ಸುದ್ದಿ ಹೋಗುವಾಗ ಒಂದಕ್ಷರ ಉದುರಲಿಲ್ಲ.’